ಮೋಂರುಯಿಯ ಬಾರಿನ ಬಾಗಿಲು: ಎಕ್ತೊರ್ ಇಪೊಲಿತ್ ಅವರ ಮೂರು ವರ್ಷ

ಹೈಟಿಯ ರಾಜಧಾನಿ ಪೋರ್ಟೊಪ್ರಿನ್ಸ್‌ನಿಂದ ಸಮುದ್ರದ ಪಕ್ಕದಲ್ಲೇ ಉತ್ತರಕ್ಕೆ ಹೋದರೆ ಸೇಂಟ್ ಮಾರ್ಕ್ ಅನ್ನುವ ಊರು. ಅದಕ್ಕೂ ಮುಂಚೆ ಮೋಂರುಯಿ ಅಂತ ಒಂದು ಸಣ್ಣ ಊರು ಸಿಗುತ್ತದೆ. 1940ರ ದಶಕದಲ್ಲಿ ಅಲ್ಲೊಂದು ಬಾರ್ ಇತ್ತು. ಹೆಸರು 'ಇಸಿ ಲಾ ರೆನೆಸಾನ್ಸ್'. 'ಹೊಸ ಹುಟ್ಟು ಇಲ್ಲೇ' ಅಂತ ಅರ್ಥ. ಹೆಂಡದಂಗಡಿಗೆ ಇದೆಂಥ ಹೆಸರು ಅಂತ ನಗು ಬರಬಹುದು. ಸಂಜೆ ಅಲ್ಲಿಗೆ ಹೋಗುತ್ತಿದ್ದವರನ್ನು ಕೇಳಿದ್ದರೆ, ಸರಿಯಾಗೇ ಇದೆ ಅಂದಿರುತ್ತಿದ್ದರೋ ಏನೋ.

ಆ ಬಾರಿನ ಬಾಗಿಲ ಮೇಲೆ ಯಾರೋ ಹೂವು, ಹಕ್ಕಿ ಬರೆದಿದ್ದರು. ಆ ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಅಮೆರಿಕನ್ ಮೇಷ್ಟ್ರ ಕಣ್ಣಿಗೆ ಅದು ಬಿತ್ತು. ಬಿದ್ದದ್ದು ಮನಸ್ಸಿನಲ್ಲೇ ಉಳಿಯಿತು. 1945ರಲ್ಲಿ ಬಾಗಿಲು ಬರೆದವರು ಯಾರು ಅಂತ ಹುಡುಕಿಸಿದರು. ಸಿಕ್ಕವರು ಎಕ್ತೊರ್ ಇಪೊಲಿತ್. ಬರೆಯುವಾಗ ಹೆಸರಿನ ಎರಡೂ ಭಾಗದ ಮೊದಲು 'ಹ' ಇರುತ್ತದೆ, ಫ್ರೆಂಚರ ಬಾಯಲ್ಲಿ ಅದು ಹೊರಡುವುದಿಲ್ಲ. ಹಾಗಾಗಿ ಹೆಕ್ಟರ್ ಹಿಪ್ಪೊಲೈಟ್ ಅಂತ ಓದಿದವರು ಗಾಬರಿಯಾಗಬೇಡಿ, ಇಬ್ಬರೂ ಒಬ್ಬರೇ.

ಸಿಕ್ಕ ಮೂರೇ ವರ್ಷದಲ್ಲಿ, 1948ರಲ್ಲಿ, ಅವರು ತೀರಿಹೋದರು. ಅಷ್ಟರೊಳಗೆ ಅವರ ಚಿತ್ರಗಳು ಪ್ಯಾರಿಸ್ ನೋಡಿದ್ದವು. ಆ ಮೂರು ವರ್ಷದಲ್ಲಿ ಅವರು ಬರೆದ ಚಿತ್ರಗಳ ಲೆಕ್ಕ 250 ಅಂತ ಕೆಲವರು, 600 ಅಂತ ಕೆಲವರು ಹೇಳುತ್ತಾರೆ. ಕಡಿಮೆ ಲೆಕ್ಕವನ್ನೇ ಹಿಡಿದರೂ ನಾಲ್ಕೈದು ದಿನಕ್ಕೊಂದು ಚಿತ್ರ.

ಕೆರಿಬಿಯನ್ ಚಿತ್ರಕಲೆಯ ಬಗ್ಗೆ ಏನೇ ಓದಲು ಹೋದರೂ ಈ ಬಾಗಿಲ ಕಥೆ ಎದುರಾಗುತ್ತದೆ. ಚೆನ್ನಾಗೂ ಇದೆ. ಆದರೆ ಅದನ್ನು ಹೇಳುವವರೆಲ್ಲ ಬಳಸುವ ಒಂದು ಮಾತು ನನಗೆ ಕಿರಿಕಿರಿ ಮಾಡುತ್ತದೆ. ಇಪೊಲಿತ್ ಅವರನ್ನು 'ಪತ್ತೆ ಹಚ್ಚಿದರು' ಅನ್ನುತ್ತಾರೆ. 50 ದಾಟಿದ ಮನುಷ್ಯ. ಊರಿನ ಜನ ಕರೆದು ಬಣ್ಣದ ಕೆಲಸ ಕೊಡುತ್ತಿದ್ದರು, ಬಾಗಿಲು ಬರೆಸುತ್ತಿದ್ದರು. ಇವರು ಯಾವಾಗ ಕಳೆದುಹೋಗಿದ್ದರು ಸ್ವಾಮಿ, ಪತ್ತೆಯಾಗಲಿಕ್ಕೆ? ಹಾಗಾದರೆ 1945ರಲ್ಲಿ ನಿಜವಾಗಿ ಬದಲಾದದ್ದೇನು? ನಾನು ಈ ಪ್ರಕರಣವನ್ನು ಹಿಡಿದು ಕೂತದ್ದು ಅಷ್ಟಕ್ಕೇ.

ಬಾಗಿಲಿಗೂ ಮುಂಚೆ

ಇಪೊಲಿತ್ ಹುಟ್ಟಿದ್ದು 1894ರಲ್ಲಿ, ಸೇಂಟ್ ಮಾರ್ಕ್‌ನಲ್ಲಿ. ಮನೆತನದಲ್ಲಿ ವೊಡೂ ಪೂಜಾರಿಕೆ ಇತ್ತು. ವೊಡೂ ಅಂದರೆ ಆಫ್ರಿಕಾದ ಬೇರಿನಿಂದ ಹೈಟಿಯಲ್ಲಿ ಬೆಳೆದ ಧರ್ಮ. ಇವರದು ಮೂರನೇ ತಲೆಮಾರು. ವೊಡೂ ಪೂಜಾರಿಗೆ ಅಲ್ಲಿ 'ಊಂಗಾನ್' ಅನ್ನುತ್ತಾರೆ. ಪೂಜಾರಿಕೆಯೊಂದರಿಂದ ಹೊಟ್ಟೆ ತುಂಬುತ್ತಿರಲಿಲ್ಲ ಅಂತ ಕಾಣುತ್ತದೆ. ಚಪ್ಪಲಿ ಹೊಲಿದರು. ಮನೆಗಳಿಗೆ ಬಣ್ಣ ಬಳಿದರು. ಮರದ ಸಾಮಾನಿನ ಮೇಲೆ ಹೂಬಳ್ಳಿ ಬರೆದರು.

1915ರಿಂದ 1934ರವರೆಗೆ ಅಮೆರಿಕದ ಸೈನ್ಯ ಹೈಟಿಯಲ್ಲಿ ಬೀಡುಬಿಟ್ಟಿತ್ತು. ಇಪೊಲಿತ್ ಕೈಯಲ್ಲಿ ಬರೆದ ಪೋಸ್ಟ್‌ಕಾರ್ಡ್‌ಗಳನ್ನು ಆ ಸಿಪಾಯಿಗಳು ಕೊಳ್ಳುತ್ತಿದ್ದರು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಅಂದರೆ ಬಾಗಿಲ ಕಥೆಗೆ ಎಷ್ಟೋ ವರ್ಷ ಮೊದಲೇ ಅಮೆರಿಕನ್ನರು ಇವರ ಚಿತ್ರಕ್ಕೆ ಕಾಸು ಕೊಟ್ಟು ಮನೆಗೆ ಒಯ್ದಿದ್ದರು. ಆಗ ಅದನ್ನು ಯಾರೂ ಕಲೆ ಅಂತ ಕರೆಯಲಿಲ್ಲ, ಅಷ್ಟೇ.

ನಡುವೆ ತಾವು ಕ್ಯೂಬಾದಲ್ಲಿ ಕಬ್ಬು ಕಡಿದೆ, ಆಫ್ರಿಕಾವನ್ನೂ ಸುತ್ತಿ ಬಂದೆ ಅಂತ ಇಪೊಲಿತ್ ಹೇಳಿಕೊಳ್ಳುತ್ತಿದ್ದರು. ಆ ಕಾಲದಲ್ಲಿ ಹೈಟಿಯಿಂದ ಕ್ಯೂಬಾಕ್ಕೆ ಕಬ್ಬಿನ ಕೂಲಿಗೆ ಸಾವಿರಾರು ಜನ ಹೋಗುತ್ತಿದ್ದರು. ಹಾಗಾಗಿ ಮೊದಲನೆಯದು ನಂಬುವಂಥ ಮಾತೇ. ಆಫ್ರಿಕಾದ ಮಾತನ್ನು ಮಾತ್ರ ಬಹಳಷ್ಟು ವಿದ್ವಾಂಸರು ನಂಬುವುದಿಲ್ಲ. ನನಗೆ ಅದು ನಿಜವೋ ಸುಳ್ಳೋ ಮುಖ್ಯ ಅನಿಸುವುದಿಲ್ಲ. ವೊಡೂ ನಂಬುವವರಿಗೆ ಆಫ್ರಿಕಾ, ಅವರ ಮಾತಿನಲ್ಲಿ 'ಗಿನೆ', ಹಿರಿಯರ ನಾಡು. ಸತ್ತವರು ಹೋಗಿ ಸೇರುವ ಜಾಗ. ಅಲ್ಲಿಗೆ ಹೋಗಿ ಬಂದೆ ಅಂತ ಒಬ್ಬ ಪೂಜಾರಿ ಹೇಳಿದರೆ ಅದನ್ನು ಹಡಗಿನ ಟಿಕೆಟ್ ಕೇಳಿ ಪರೀಕ್ಷೆ ಮಾಡೋದಾ?

ಅವರ ಸಾಮಾನುಗಳೂ ಸಾಮಾನ್ಯವೇ. ಕೆಲಸದಲ್ಲಿ ಮಿಕ್ಕ ಎನಾಮೆಲ್ ಪೇಂಟು, ಕೋಳಿಪುಕ್ಕ, ಬೆರಳು. ಕುಂಚವೂ ಇತ್ತು, ಆದರೆ ಅದರ ಮೇಲೇ ಎಲ್ಲ ನಿಂತಿರಲಿಲ್ಲ. ಎನಾಮೆಲ್ ಬೇಗ ಬಿಗಿಯುವ ಬಣ್ಣ. ಕಿಟಕಿಗೆ, ಕುರ್ಚಿಗೆ ಬಳಿಯಲಿಕ್ಕೆ ಮಾಡಿದ್ದು. ಎಣ್ಣೆ ಬಣ್ಣದ ಹಾಗೆ ಒಂದಕ್ಕೊಂದು ನಿಧಾನವಾಗಿ ಕಲಸಿ ನೆರಳು ಬೆಳಕು ಮಾಡುತ್ತ ಕೂರಲು ಅದು ಬಿಡುವುದಿಲ್ಲ. ಹಾಗಾಗಿ ಕೆಂಪಿನ ಪಕ್ಕ ಕಲೆಯದೆ ಗುಲಾಬಿಯಾಗಿಯೇ ನಿಂತ ಗುಲಾಬಿ ಬಣ್ಣ, ಅದರ ಸುತ್ತ ಗಟ್ಟಿ ಗೆರೆ. ಇಪೊಲಿತ್ ಶೈಲಿ ಅಂತ ಹೊಗಳುವ ಗುಣದಲ್ಲಿ ಒಂದು ಪಾಲು ಡಬ್ಬಿಯದ್ದು ಅನ್ನೋದು ನನ್ನ ಅಂದಾಜು. ಇನ್ನೊಂದು ಪಾಲು ಪುಕ್ಕದ್ದು. ಅದರ ಗೆರೆ ತುದಿಗೆ ಬರುವಾಗ ತಾನೇ ತೆಳುವಾಗಿ ಬಾಗುತ್ತದೆ. ಎಲೆಗೂ ಹಕ್ಕಿ ರೆಕ್ಕೆಗೂ ಹೇಳಿ ಮಾಡಿಸಿದ ಹಾಗೆ.

ಮೇಷ್ಟ್ರು ಮತ್ತು ಕಲಾಕೇಂದ್ರ

ಆ ಅಮೆರಿಕನ್ ಮೇಷ್ಟ್ರ ಹೆಸರು ಡೆವಿಟ್ ಪೀಟರ್ಸ್. ಕ್ಯಾಲಿಫೋರ್ನಿಯಾದವರು, ಜಲವರ್ಣದ ಚಿತ್ರಕಾರ. ಎರಡನೇ ಮಹಾಯುದ್ಧದ ನಡುವೆ, 1943ರಲ್ಲಿ, ಇಂಗ್ಲಿಷ್ ಕಲಿಸಲು ಅಮೆರಿಕ ಸರ್ಕಾರದ ಕಡೆಯಿಂದ ಹೈಟಿಗೆ ಬಂದರು. ಪೋರ್ಟೊಪ್ರಿನ್ಸ್‌ನಲ್ಲಿ ಚಿತ್ರ ತೋರಿಸಲಿಕ್ಕೆ ಒಂದು ಜಾಗವೂ ಇಲ್ಲ ಅಂತ ಅವರಿಗೆ ಆಶ್ಚರ್ಯ. ಅಲ್ಲಿನ ಬರಹಗಾರರು, ಚಿತ್ರಕಾರರು, ವಾಸ್ತುಶಿಲ್ಪಿಗಳ ಜೊತೆ ಸೇರಿ 1944ರ ಮೇ 14ರಂದು 'ಸಾಂತ್ರ್ ದಾರ್' ಶುರುಮಾಡಿದರು. ಕಲಾಕೇಂದ್ರ ಅಂತ ಅರ್ಥ.

ಅವರ ಲೆಕ್ಕ ಬೇರೆ ಇತ್ತು. ಓದಿದ, ಕಲಿತ ಹುಡುಗರು ಬರುತ್ತಾರೆ, ಒಳ್ಳೆಯ ಪಾಠ ಕೊಡೋಣ ಅಂತ. ಅವರೂ ಬಂದರು. ಜೊತೆಗೆ ಯಾರೂ ಕರೆಯದವರೂ ಬಂದರು. ದೂರದ ಕಾಪ್-ಆಯ್ತಿಯನ್‌ನಿಂದ ಫಿಲೊಮೆ ಒಬ್ಯಾಂ ಅನ್ನುವವರು ಒಂದು ಚಿತ್ರ ಕಳಿಸಿಕೊಟ್ಟರು. ಪೀಟರ್ಸ್ ಅವರ ಕಾರು ಓಡಿಸುತ್ತಿದ್ದ ರಿಗೋ ಬೆನ್ವಾ ಚಿತ್ರ ಬರೆದರು. ಮನೆಗೆಲಸಕ್ಕಿದ್ದ ಕಾಸ್ತೆರಾ ಬಾಜಿಲ್ ಬರೆದರು. ಇವರೆಲ್ಲ ಈಗ ಹೈಟಿಯ ಕಲೆಯಲ್ಲಿ ದೊಡ್ಡ ಹೆಸರು.

ಈ ಹೊತ್ತಿಗೆ ಪೀಟರ್ಸ್‌ಗೆ ಮೋಂರುಯಿಯ ಬಾಗಿಲು ಮತ್ತೆ ನೆನಪಾಯಿತು. ಹೈಟಿಯ ಬರಹಗಾರ ಫಿಲಿಪ್ ತೊಬಿ-ಮಾರ್ಸೆಲ್ಯಾಂ ಹುಡುಕಿಕೊಂಡು ಹೋದರು. ಇಪೊಲಿತ್ ಅವರನ್ನು ರಾಜಧಾನಿಗೆ ಬರಲು ಒಪ್ಪಿಸಿದ್ದು ಇವರೇ. ಬಾಗಿಲ ಕಥೆಯಲ್ಲಿ ಮೇಷ್ಟ್ರ ಕಾರು ಎಲ್ಲರಿಗೂ ನೆನಪಿರುತ್ತದೆ, ಇವರ ಹೆಸರು ಜಾಸ್ತಿ ಜನಕ್ಕೆ ನೆನಪಿರುವುದಿಲ್ಲ.

ಇಪೊಲಿತ್ ಬಂದು ಪೋರ್ಟೊಪ್ರಿನ್ಸ್‌ನ ಸಮುದ್ರದಂಚಿನ ಬಡವರ ಕೇರಿಯೊಂದರಲ್ಲಿ ಇಳಿದರು. ಕೇಂದ್ರದವರು ಬಣ್ಣ, ರಟ್ಟು, ಹಲಗೆ ಕೊಟ್ಟರು. ಬರೆದದ್ದನ್ನು ಮಾರುವ ವ್ಯವಸ್ಥೆ ಮಾಡಿದರು. ಪಾಠ ಮಾತ್ರ ಮಾಡಲಿಲ್ಲ. ಪೀಟರ್ಸ್ ಅವರ ಮೇಲೆ ನೂರು ತಕರಾರು ಇರಬಹುದು, ಆದರೆ ಈ ಒಂದು ವಿಷಯದಲ್ಲಿ ಕೈಕಟ್ಟಿ ನಿಂತದ್ದಕ್ಕೆ ಅವರಿಗೆ ಕೈಮುಗಿಯಬೇಕು.

ಹಾಗಾದರೆ ಬದಲಾದದ್ದೇನು ಅಂದರೆ, ಮೊದಲನೆಯದು ಹಲಗೆ. ಬಾಗಿಲು ಬಾರಿನವರದ್ದು. ಅದರ ಮೇಲೆ ಏನು ಇರಬೇಕು ಅಂತ ಅವರೂ ಒಂದು ಮಾತು ಹೇಳಿರುತ್ತಾರೆ. ಗಿರಾಕಿಗೆ ಖುಷಿಯಾಗಬೇಕಲ್ಲ, ಹೂವು ಹಕ್ಕಿ ಸಾಕು. ಕೈಗೆ ರಟ್ಟು ಬಂದಾಗ ಹೇಳುವವರು ಯಾರೂ ಇಲ್ಲ. ಆಗ ಇಪೊಲಿತ್ ಬರೆದದ್ದು ತಮ್ಮ ದೇವರುಗಳನ್ನು.

ಗುರುತು ಸಿಗುವ ಮುಖಗಳು

ಇಲ್ಲಿ ಸ್ವಲ್ಪ ನಿಲ್ಲಬೇಕು. ಯಾಕಂದರೆ ಈ ಚಿತ್ರಗಳನ್ನು 'ಕನಸಿನ ಲೋಕ', 'ಮಾಯಾಲೋಕ' ಅಂತ ಕರೆದು ಮುಂದೆ ಹೋಗುವವರೇ ಹೆಚ್ಚು.

ವೊಡೂ ದೇವರುಗಳಿಗೆ 'ಲ್ವಾ' ಅನ್ನುತ್ತಾರೆ. ಗುಲಾಮರಾಗಿ ಬಂದ ಪಶ್ಚಿಮ ಆಫ್ರಿಕಾದವರು, ಕಾಂಗೊ ಕಡೆಯವರು ತಂದ ದೇವರುಗಳು ಅವು. ಯಜಮಾನರು ಬಲವಂತವಾಗಿ ಹೇರಿದ ಕ್ಯಾಥೊಲಿಕ್ ಸಂತರ ಪಟಗಳೊಳಗೆ ಈ ದೇವರುಗಳು ಸೇರಿಕೊಂಡವು. ಸೇಂಟ್ ಪ್ಯಾಟ್ರಿಕ್ ಪಟದಲ್ಲಿ ಕಾಲ ಬಳಿ ಹಾವುಗಳಿರುತ್ತವೆ. ಆ ಸಂತರು ಹಾವುಗಳನ್ನು ಓಡಿಸಿದವರು. ಹೈಟಿಯವರು ನೋಡಿದ್ದು ಹಾವನ್ನು. ಅವರ ಸರ್ಪದೇವರು ದಂಬಲಾ ಅಲ್ಲೇ ಸಿಕ್ಕಿಬಿಟ್ಟರು. ಕುದುರೆ ಮೇಲೆ ಕತ್ತಿ ಹಿಡಿದ ಸೇಂಟ್ ಜೇಮ್ಸ್ ಅವರಿಗೆ ಕಬ್ಬಿಣದ, ಯುದ್ಧದ ದೇವರು ಓಗು. ಒಡವೆ ಹೇರಿಕೊಂಡು ಎದೆಯಲ್ಲಿ ಕತ್ತಿ ನೆಟ್ಟ ದುಃಖದ ಮೇರಿ, ಪ್ರೀತಿಯ ದೇವತೆ ಎಜಿಲಿ ಫ್ರೇದಾ.

ಒಬ್ಬೊಬ್ಬ ಲ್ವಾಗೂ ತಮ್ಮದೇ ರುಚಿ, ಬಣ್ಣ, ಸಿಟ್ಟು ಇದೆ. ಎಜಿಲಿಗೆ ಗುಲಾಬಿ ಬಣ್ಣ, ಅತ್ತರು, ಸಿಹಿ ಬೇಕು. ಓಗುಗೆ ಕೆಂಪು ಬಟ್ಟೆ, ರಮ್ ಬೇಕು. ಹೊಲದ ದೇವರು ಜಾಕಾ ಹುಲ್ಲಿನ ಟೋಪಿ ಹಾಕಿ, ಹೆಗಲಿಗೆ ಹುಲ್ಲಿನ ಚೀಲ ಸಿಕ್ಕಿಸಿಕೊಂಡ ರೈತ. ಅಗ್ವೆ ಸಮುದ್ರದ ಒಡೆಯ, ಅವರ ಗುರುತು ದೋಣಿ. ಅವರ ಜೊತೆಗಾತಿ ಲಾ ಸಿರೆನ್, ಮತ್ಸ್ಯಕನ್ಯೆ. ಪೂಜೆ ಶುರುವಾಗುವಾಗ ನೆಲದ ಮೇಲೆ ಜೋಳದ ಹಿಟ್ಟನ್ನು ಬೆರಳಸಂದಿಯಿಂದ ಬಿಡುತ್ತ, ನಮ್ಮಲ್ಲಿ ರಂಗೋಲಿ ಬಿಡುವ ಹಾಗೆ, ಆಯಾ ಲ್ವಾದ ಗುರುತನ್ನು ಬರೆಯುತ್ತಾರೆ. ಅದಕ್ಕೆ 'ವೆವೆ' ಅನ್ನುತ್ತಾರೆ. ಎಜಿಲಿಗೆ ಹೃದಯ, ಅಗ್ವೆಗೆ ದೋಣಿ. ಪೂಜೆ ಮುಗಿಯುವಷ್ಟರಲ್ಲಿ ಕುಣಿಯುವವರ ಕಾಲಡಿ ಅದು ಅಳಿಸಿಹೋಗಿರುತ್ತದೆ.

ಊಂಗಾನ್ ಆದವರಿಗೆ ವೆವೆ ಬರೆಯುವುದು ಕಸುಬಿನ ಭಾಗ. ಅಂದರೆ ಇಪೊಲಿತ್ ಗೆರೆ ಎಳೆಯುವುದನ್ನು ಯಾರಿಂದಲೂ ಕಲಿಯಲಿಲ್ಲ ಅನ್ನುವ ಮಾತು ಪೂರ್ತಿ ನಿಜವಲ್ಲ. ಕಾಲೇಜಿನಲ್ಲಿ ಕಲಿಯಲಿಲ್ಲ ಅನ್ನಿ. ಎಡಕ್ಕೂ ಬಲಕ್ಕೂ ಸಮ ತೂಗುವ ವಿನ್ಯಾಸ, ನಡುವೆ ಎದುರುಮುಖ ನಿಂತ ಆಕೃತಿ, ಖಾಲಿ ಜಾಗ ಉಳಿಯದಂತೆ ಸುತ್ತ ತುಂಬಿದ ಹೂವು. ಇವು ಅವರ ಚಿತ್ರದಲ್ಲಿ ಮತ್ತೆ ಮತ್ತೆ ಬರುತ್ತವೆ. ಪೂಜೆಯ ನೆಲವನ್ನು, ದೇವರ ಗೂಡಿನ ಗೋಡೆಯನ್ನು ನೋಡಿ ಬೆಳೆದ ಕಣ್ಣು ಅದು. ಓಗುವನ್ನು ಬರೆದಾಗ, ಎಜಿಲಿಯನ್ನು ಬರೆದಾಗ ಅವರು ಕನಸು ಬರೆಯುತ್ತಿರಲಿಲ್ಲ. ಕೇರಿಯ ಜನಕ್ಕೆಲ್ಲ ಗೊತ್ತಿರುವವರ ಭಾವಚಿತ್ರ ಬರೆಯುತ್ತಿದ್ದರು.

ಅದೂ ಯಾವ ಕಾಲದಲ್ಲಿ ಅಂತ ನೋಡಿ. 1935ರ ಕಾನೂನು 'ಮೂಢನಂಬಿಕೆಯ ಆಚರಣೆ'ಗಳನ್ನು ನಿಷೇಧಿಸಿತ್ತು. 1941-42ರಲ್ಲಿ ಕ್ಯಾಥೊಲಿಕ್ ಚರ್ಚು ದೊಡ್ಡ ಅಭಿಯಾನ ನಡೆಸಿತ್ತು, ಸರ್ಕಾರ ಬೆನ್ನಿಗಿತ್ತು. ವೊಡೂ ಗುಡಿಗಳನ್ನು ಕೆಡವಿದರು, ಡೋಲುಗಳನ್ನು ಸುಟ್ಟರು, ಇನ್ನು ಮೇಲೆ ಇದನ್ನೆಲ್ಲ ಬಿಟ್ಟೆ ಅಂತ ಜನರಿಂದ ಪ್ರಮಾಣ ಮಾಡಿಸಿದರು. ಆ ಬೂದಿ ಆರಿ ಮೂರು ನಾಲ್ಕು ವರ್ಷಕ್ಕೇ ಇಪೊಲಿತ್ ರಾಜಧಾನಿಯ ನಡುವೆ ಕೂತು ಅದೇ ದೇವರುಗಳನ್ನು ಬರೆದರು. ಡೋಲು ಬಾರಿಸಿದ್ದರೆ ಕೇಳುತ್ತಿತ್ತು, ಪೊಲೀಸರು ಬರುತ್ತಿದ್ದರು. ಬಣ್ಣ ಸದ್ದು ಮಾಡುವುದಿಲ್ಲ. ವಿದೇಶಿಯರು ಕೊಳ್ಳುವ 'ಕಲೆ' ಅಂತ ಹೆಸರು ಬಿದ್ದ ಮೇಲಂತೂ ಯಾರು ಮುಟ್ಟುತ್ತಾರೆ? ಸಾಂತ್ರ್ ದಾರ್ ಕೊಟ್ಟದ್ದರಲ್ಲಿ ಬಣ್ಣಕ್ಕಿಂತ, ರಟ್ಟಿಗಿಂತ ಈ ಮರೆಯೇ ದೊಡ್ಡದು ಅಂತ ನನಗನಿಸುತ್ತದೆ. ಹಾಗಂತ ಅವರ್ಯಾರೂ ಯೋಚಿಸಿ ಕೊಟ್ಟದ್ದಲ್ಲ.

ಚಿತ್ರ ಬರೆಯಲು ಸಮಯ ಸಾಲದೆ ಇಪೊಲಿತ್ ಪೂಜಾರಿಕೆಯಿಂದ ರಜ ಬೇಕು ಅಂತ ಲ್ವಾಗಳನ್ನೇ ಕೇಳಿದರಂತೆ. ಅವರು ಒಪ್ಪಿದರು ಅಂತಲೂ ಹೇಳುತ್ತಿದ್ದರು. ತಮ್ಮ ಮದುವೆ ಲಾ ಸಿರೆನ್ ಜೊತೆ ಆಗಿದೆ ಅನ್ನುತ್ತಿದ್ದರು. ಲ್ವಾ ಜೊತೆ ಮನುಷ್ಯರ ಮದುವೆ ವೊಡೂದಲ್ಲಿ ಶಾಸ್ತ್ರೋಕ್ತವಾಗಿ ನಡೆಯುವ ಸಂಗತಿಯೇ, ಸುಮ್ನೆ ಹೇಳಿದ ಮಾತಲ್ಲ. ಚಿತ್ರದಿಂದ ಬಂದ ದುಡ್ಡಿನಲ್ಲಿ ಒಂದು ದೋಣಿ ಕಟ್ಟಲು ಹೊರಟಿದ್ದರು. ಸಮುದ್ರದ ದೇವತೆಯ ಗಂಡ ಮತ್ತೇನು ಕಟ್ಟುತ್ತಾರೆ!

ಕೊಂಡವರು

1945ರ ಡಿಸೆಂಬರಿನಲ್ಲಿ ಫ್ರಾನ್ಸಿನ ಆಂದ್ರೆ ಬ್ರೆತೋಂ ಹೈಟಿಗೆ ಬಂದರು. ಸರ್ರಿಯಲಿಸಂ ಪಂಥದ ಮುಂದಾಳು. ಸಾಂತ್ರ್ ದಾರ್‌ನಲ್ಲಿ ಇಪೊಲಿತ್ ಚಿತ್ರ ನೋಡಿ ಐದನ್ನು ಕೊಂಡರು. ಆ ಹೊತ್ತಿಗೆ ಅಲ್ಲಿಗೆ ಬಂದಿದ್ದ ಕ್ಯೂಬಾದ ಚಿತ್ರಕಾರ ವಿಫ್ರೆದೊ ಲಾಮ್ ಎರಡು ಕೊಂಡರು. ಬ್ರೆತೋಂ ಭಾಷಣದಿಂದ ಬಿಸಿಯೇರಿದ ವಿದ್ಯಾರ್ಥಿಗಳು ಬೀದಿಗಿಳಿದದ್ದು, 1946ರ ಜನವರಿಯಲ್ಲಿ ಹೈಟಿ ಅಧ್ಯಕ್ಷ ಎಲಿ ಲೆಸ್ಕೊ ಅವರ ಸರ್ಕಾರವೇ ಉರುಳಿದ್ದು ಬೇರೆ ಕಥೆ. ಡೋಲು ಸುಟ್ಟ ಕಾಲದ ಸರ್ಕಾರ ಅದೇ.

1947ರಲ್ಲಿ ಪ್ಯಾರಿಸ್‌ನಲ್ಲಿ ಯುನೆಸ್ಕೊ ಏರ್ಪಡಿಸಿದ ಪ್ರದರ್ಶನದಲ್ಲಿ ಇಪೊಲಿತ್ ಚಿತ್ರಗಳಿದ್ದವು. ಜನ ಮಾತಾಡಿಕೊಂಡರು, ಪತ್ರಿಕೆಗಳು ಬರೆದವು.

ಬ್ರೆತೋಂ ಮತ್ತು ಲಾಮ್ ಒಂದೇ ಚಿತ್ರ ನೋಡಿ ಒಂದೇ ಕಂಡಿರಲಿಕ್ಕಿಲ್ಲ. ಬ್ರೆತೋಂ ಪಂಥಕ್ಕೆ ಕನಸು, ಅರಿವಿಲ್ಲದೆ ಕೈ ಬರೆದದ್ದು ಇವೆಲ್ಲ ಚಿನ್ನ. ಇಪೊಲಿತ್‌ರಲ್ಲಿ ಅವರಿಗೆ ಅದು ಕಂಡಿತು. ಲಾಮ್ ಕ್ಯೂಬಾದವರು. ಅವರ ಧರ್ಮತಾಯಿ ಸಾಂತೇರಿಯಾ ಅರ್ಚಕಿ. ಅದು ವೊಡೂವಿನ ಅಕ್ಕ ತಂಗಿಯಂಥ ಪದ್ಧತಿ, ಓಗು ಅಲ್ಲೂ ಇದ್ದಾರೆ, ಹೆಸರು ಸ್ವಲ್ಪ ಬೇರೆ. ಪ್ಯಾರಿಸ್‌ನಲ್ಲಿ ಪಿಕಾಸೊ ಜೊತೆ ಒಡನಾಡಿ, ಯುದ್ಧದಿಂದ ತಪ್ಪಿಸಿಕೊಂಡು ಊರಿಗೆ ಮರಳಿದ್ದ ಲಾಮ್, ತಾವು ಸುತ್ತು ಬಳಸಿ ತಲುಪುತ್ತಿದ್ದ ಜಾಗದಲ್ಲಿ ಈ ಮನುಷ್ಯ ಆಗಲೇ ಕುರ್ಚಿ ಹಾಕಿ ಕೂತಿದ್ದಾರೆ ಅಂದುಕೊಂಡಿರಬಹುದು. ಇದು ನನ್ನ ಊಹೆ.

ಹೊರಗಿನವರು ಕೊಟ್ಟ ಹಣೆಪಟ್ಟಿ 'ಪ್ರಿಮಿಟಿವ್', ಆಮೇಲೆ ಸ್ವಲ್ಪ ಮೆತ್ತಗಾಗಿ 'ನಾಯೀವ್', ಅಂದರೆ ಮುಗ್ಧ. ಮುಗ್ಧರು! ಸಿಪಾಯಿಗೆ ಪೋಸ್ಟ್‌ಕಾರ್ಡ್, ಬಾರಿಗೆ ಹಕ್ಕಿ, ಪ್ಯಾರಿಸ್ಸಿಗೆ ದೇವತೆ. ಯಾರಿಗೆ ಏನು ಬರೆದುಕೊಡಬೇಕು ಅಂತ ಇಷ್ಟು ಚೆನ್ನಾಗಿ ಗೊತ್ತಿದ್ದವರನ್ನು ಮುಗ್ಧರು ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಈ ಹಣೆಪಟ್ಟಿಯ ಬೆಲೆಯನ್ನು ಹೈಟಿಯ ಇತರ ಕಲಾವಿದರೂ ತೆತ್ತರು. ಕಲಿತು ಬಂದ ಚಿತ್ರಕಾರರಿಗೆ ಇದು ನುಂಗಲಾಗದ ತುತ್ತು. ಅವರೂ ಹೈಟಿಯವರೇ, ಅವರದೂ ಹೈಟಿಯ ಚಿತ್ರವೇ. ಆದರೆ ಕೊಳ್ಳುವವರಿಗೆ ಕಲಿಯದ ಕೈಯೇ ಬೇಕು. 1950ರಲ್ಲಿ ಲೂಸಿಯನ್ ಪ್ರೈಸ್, ಲ್ಯೂಸ್ ತುರ್ನಿಯೆ ಮುಂತಾದವರು ಸಾಂತ್ರ್ ದಾರ್ ಬಿಟ್ಟು ಹೊರಬಂದು ತಮ್ಮದೇ ಕೂಟ ಕಟ್ಟಿಕೊಂಡರು. ಅವರ ಸಿಟ್ಟು ನ್ಯಾಯವಾದದ್ದೇ. ಹೊಸ ಚಿತ್ರಭಾಷೆ ಹುಡುಕುವ ಹಕ್ಕು ಲಂಡನ್, ಪ್ಯಾರಿಸ್‌ನವರಿಗೆ ಮಾತ್ರ, ಕೆರಿಬಿಯನ್‌ನವರು ಎಂದೆಂದಿಗೂ 'ಮುಗ್ಧ'ವಾಗಿ ಹೂವು ಬರೆಯಬೇಕು ಅಂದರೆ ಹೇಗೆ?

1949ರಲ್ಲಿ ಪೋರ್ಟೊಪ್ರಿನ್ಸ್ ಸ್ಥಾಪನೆಯಾಗಿ 200 ವರ್ಷದ ನೆನಪಿಗೆ ದೊಡ್ಡ ಅಂತರರಾಷ್ಟ್ರೀಯ ಮೇಳ ನಡೆಯಿತು. ಪ್ರವಾಸಿಗರು ಬಂದರು. ದಾರಿ ಬದಿಯಲ್ಲಿ ಸಾಲಾಗಿ ಚಿತ್ರ ಮಾರುವುದು ಬೆಳೆಯಿತು. ಒಂದೇ ಸಂತೆ, ಒಂದೇ ಕಾಡು, ಒಂದೇ ಕೆಂಪು ಟೋಪಿ, ನೂರು ಪ್ರತಿ. ಇಪೊಲಿತ್ ಅದನ್ನು ನೋಡಲಿಲ್ಲ.

ಆಮೇಲೆ

1948ರಲ್ಲಿ ಅವರು ಸತ್ತಾಗ 53 ವರ್ಷ. 1950-51ರಲ್ಲಿ ಪೋರ್ಟೊಪ್ರಿನ್ಸ್‌ನ ಎಪಿಸ್ಕೋಪಲ್ ಪಂಥದ ಹೋಲಿ ಟ್ರಿನಿಟಿ ಚರ್ಚಿನ ಗೋಡೆಗಳ ಮೇಲೆ ಸಾಂತ್ರ್ ದಾರ್ ಗುಂಪಿನವರು ಬೈಬಲ್ ಕಥೆಗಳನ್ನು ಬರೆದರು. ಒಬ್ಯಾಂ, ಬಾಜಿಲ್, ಬೆನ್ವಾ, ವಿಲ್ಸನ್ ಬಿಗೋ ಎಲ್ಲರೂ ಇದ್ದರು. ಆಕೃತಿಗಳೆಲ್ಲ ಕಪ್ಪು ಜನ, ಊರು ಹೈಟಿಯ ಊರು. ವೊಡೂ ಪೂಜಾರಿಯೊಬ್ಬರು ಬದುಕಿದ್ದು ಆ ಗೋಡೆಯ ಒಂದು ಪಾಲು ಸಿಕ್ಕಿದ್ದರೆ ಏನು ಬರೆಯುತ್ತಿದ್ದರು ಅಂತ ಎಷ್ಟೋ ಸಲ ಯೋಚಿಸಿದ್ದೇನೆ.

ಇಪೊಲಿತ್ ಚಿತ್ರಗಳು ಚದುರಿದವು. 'ಕಾಂಗೊ ರಾಣಿ' ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿದೆ. ರಟ್ಟಿನ ಮೇಲೆ ಎನಾಮೆಲ್, ಎಣ್ಣೆ ಬಣ್ಣ, ಪೆನ್ಸಿಲ್. ಅಮೆರಿಕದ ಮಿಲ್ವಾಕಿ ಕಲಾ ಮ್ಯೂಸಿಯಂನಲ್ಲಿ ಕೆಲವು ಇವೆ. ಪೋರ್ಟೊಪ್ರಿನ್ಸ್‌ನಲ್ಲಿ 1972ರಲ್ಲಿ ಶುರುವಾದ ಹೈಟಿ ಕಲಾ ಮ್ಯೂಸಿಯಂನಲ್ಲಿ ಕೆಲವು ಉಳಿದವು. ರಟ್ಟು ಬಹಳ ಕಾಲ ಬಾಳುವ ವಸ್ತುವಲ್ಲ. ಕಡಲಂಚಿನ ತೇವಕ್ಕೆ ಬಾಗುತ್ತದೆ, ಅದು ಬಾಗಿದರೆ ಮೇಲಿನ ಎನಾಮೆಲ್ ಸೀಳಿ ಚಕ್ಕೆ ಏಳುತ್ತದೆ.

1935ರ ಆ ನಿಷೇಧ 1987ರ ಸಂವಿಧಾನ ಬರುವವರೆಗೂ ಕಾಗದದ ಮೇಲೆ ಉಳಿದೇ ಇತ್ತು. 2003ರಲ್ಲಿ ಹೈಟಿ ಸರ್ಕಾರ ವೊಡೂವನ್ನು ಒಂದು ಧರ್ಮವೆಂದು ಅಧಿಕೃತವಾಗಿ ಒಪ್ಪಿಕೊಂಡಿತು.

2010ರ ಜನವರಿ 12ರಂದು ಭೂಕಂಪವಾಯಿತು. ಹೋಲಿ ಟ್ರಿನಿಟಿ ಚರ್ಚು ಕುಸಿಯಿತು. 14 ಭಿತ್ತಿಚಿತ್ರಗಳಲ್ಲಿ ಉಳಿದದ್ದು ಮೂರು. ಸಾಂತ್ರ್ ದಾರ್‌ನ ಕಟ್ಟಡವೂ ನೆಲಕಚ್ಚಿತು. ಆಮೇಲಿನ ದಿನಗಳಲ್ಲಿ ಕೇಂದ್ರದವರು ಕಲ್ಲು ಸಿಮೆಂಟಿನ ಅಡಿಯಿಂದ ಚಿತ್ರಗಳನ್ನು, ಹಳೆಯ ಕಾಗದಪತ್ರಗಳನ್ನು ಸಾವಿರಗಟ್ಟಲೆ ಎಳೆದು ತೆಗೆದರು. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಜೊತೆ ಹೈಟಿಯ ಹುಡುಗ ಹುಡುಗಿಯರು ಚಿತ್ರ ಉಳಿಸುವ ಕೆಲಸ ಕಲಿತರು. ಮೇಜಿನ ಮೇಲೆ ರಟ್ಟನ್ನು ಮಲಗಿಸಿ, ಮೆತ್ತನೆ ಕುಂಚದಿಂದ ಮೊದಲು ಧೂಳು, ಆಮೇಲೆ ಚಕ್ಕೆ ಎದ್ದ ಬಣ್ಣ, ಒಂದೊಂದೇ ಅಂಗುಲ.